ಪೆಟ್ರೋಲಿಗೆ ನೀರು ಕೊಡುವ ಅತ್ತೆ

ನಮ್ಮ ಅತ್ತೆ ಪೆಟ್ರೋಲಿಗೆ ನೀರು ಬೆರೆಸುತ್ತಾಳೆ. ಪೊಲೀಸರಿಗೆ ಹೇಳುವ ಅವಸರ ಬೇಡ! ಕದ್ದುಮುಚ್ಚಿ ಮಾಡುವ ಹೆಂಗಸಲ್ಲ ಅವಳು. ಹಾಡಹಗಲೇ, ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಹತ್ತು ಜನ ನೋಡುತ್ತಿರುವಾಗಲೇ ಬೆರೆಸುತ್ತಾಳೆ. ಮಾರುವುದಕ್ಕಲ್ಲ, ನೋಡುವುದಕ್ಕೆ.

ಇವಳು ನನ್ನ ಅಪ್ಪನ ತಂಗಿ. ಮನೆ, ಹೊಲ ಎಲ್ಲ ತಡಸದ ಹತ್ತಿರ. ಗಂಡ, ಅಂದರೆ ನಮ್ಮ ಮಾವ, ದೂರದ ಊರಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದು ನಿವೃತ್ತರಾದವರು. ನಿವೃತ್ತರಾದವರು ನಮ್ಮ ಕಡೆ ಎಮ್ಮೆ ಕಟ್ಟುತ್ತಾರೆ, ಇಲ್ಲವೇ ಗುಡಿಯ ಕಮಿಟಿ ಸೇರಿ ಜಗಳ ಹಚ್ಚುತ್ತಾರೆ. ಮಾವ ಎರಡು ಸೀಟಿನ ಹಳೆಯ ಪುಟ್ಟ ವಿಮಾನವೊಂದನ್ನು ತಂದು, ಹೊಲದ ಬದುವಿಗೆ ತಗಡಿನ ಶೆಡ್ಡು ಹಾಕಿದರು. ಪರವಾನಗಿ, ಕಾಗದಪತ್ರ ಎಲ್ಲ ಚೊಕ್ಕ. ಚೊಕ್ಕ ಇಲ್ಲದ್ದು ಪೆಟ್ರೋಲು ಮಾತ್ರ.

ಆ ಎಂಜಿನ್ನಿಗೆ ಸೀಸವಿಲ್ಲದ ಕಾರಿನ ಪೆಟ್ರೋಲು ನಡೆಯುತ್ತದೆ. ಆದರೆ ಈಗ ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಸೇರಿರುತ್ತದೆ. ಕಬ್ಬಿನಿಂದಲೂ ತೆಗೆಯುವ ಮದ್ಯಸಾರ ಅದು. ಹೊಸ ಕಾರುಗಳಿಗೆ ಅದರಿಂದ ತೊಂದರೆಯಿಲ್ಲ. ಮಾವನ ವಿಮಾನಕ್ಕೆ ಮಾತ್ರ ಆಗಿಬರುವುದಿಲ್ಲ. ಅದು ರಬ್ಬರ್ ಕೊಳವೆಗಳನ್ನು ಮೆತ್ತಗೆ ಮಾಡುತ್ತದೆ, ಹವೆಯಲ್ಲಿನ ನೀರು ಎಳೆದುಕೊಳ್ಳುತ್ತದೆ. ಬಿಸಿಲು ಜೋರಾದರೆ ಪೆಟ್ರೋಲು ಕೊಳವೆಯೊಳಗೇ ಆವಿಯಾಗಿ ಎಂಜಿನ್ ನಿಂತರೂ ನಿಂತೀತು. ಬೈಕು ನಿಂತರೆ ಇಳಿದು ತಳ್ಳಬಹುದು. ಮೇಲೆ ನಿಂತರೆ ಇಳಿಯುವುದೆಲ್ಲಿ?

ಇದನ್ನು ಕಂಡುಹಿಡಿಯುವ ಪರೀಕ್ಷೆಯನ್ನು ಮಾವನೇ ಅತ್ತೆಗೆ ಕಲಿಸಿದರು. ಗಾಜಿನ ಬಾಟಲಿಗೆ ಒಂದು ಬೆರಳು ನೀರು ಹಾಕಿ, ಅದರ ಮಟ್ಟಕ್ಕೆ ಗೆರೆ ಎಳೆಯಬೇಕು. ಮೇಲೆ ಹತ್ತು ಬೆರಳು ಪೆಟ್ರೋಲು ಸುರಿದು, ಅಲುಗಾಡಿಸಿ, ಇಡಬೇಕು. ನೀರು ತಳಕ್ಕಿಳಿದು ಗೆರೆಯಲ್ಲೇ ನಿಂತರೆ ಪೆಟ್ರೋಲು ಶುದ್ಧ. ಮದ್ಯಸಾರ ಇದ್ದರೆ ಅದು ಪೆಟ್ರೋಲು ಬಿಟ್ಟು ನೀರಿನ ಜೊತೆ ಸೇರಿ, ಕೆಳಗಿನ ಮಟ್ಟ ಗೆರೆ ದಾಟಿ ಏರುತ್ತದೆ. ಕಲಿಸಿದ ಮಾವ ನಾಲ್ಕು ದಿನಕ್ಕೆ ಮರೆತರು. ಕಲಿತ ಅತ್ತೆ ಬಿಡಲಿಲ್ಲ! ಶರಬತ್ತಿನ ಬಾಟಲಿ ತೊಳೆದು, ಸೊಸೆಯ ಕೆಂಪು ಉಗುರುಬಣ್ಣದಿಂದ ಗೆರೆ ಎಳೆದು, ಇಲಾಖೆಯನ್ನೇ ವಹಿಸಿಕೊಂಡಳು.

"ಮನಿಗೆ ಬಂದಾವ್ರಿಗೆ ಮೊದ್ಲ ನೀರು ಕೊಡ್ತೇವಿಲ್ಲೋ? ಇದಕ್ಕೂ ಕೊಡೂದು. ನೀರು ಕುಡದ ಮ್ಯಾಲ ಎಂಥಾದ್ದಂತ ತಾನ ಹೇಳ್ತೈತಿ" ಎನ್ನುತ್ತಾಳೆ.

ಅಷ್ಟಕ್ಕೇ ನಿಂತಿದ್ದರೆ ಪ್ರಬಂಧ ಬರೆಯುವ ಕೆಲಸವಿರಲಿಲ್ಲ. ಸವಣೂರಿನ ನೆಂಟನೊಬ್ಬ ಹೊಸ ಬೈಕು ತೋರಿಸಲು ಬಂದ. ಅವನು ಚಹಾ ಕುಡಿದು ಹೊರಬರುವಷ್ಟರಲ್ಲಿ ಅವನ ಟ್ಯಾಂಕಿನ ಪೆಟ್ರೋಲು ಬಾಟಲಿಯಲ್ಲಿ ಕುಳಿತಿತ್ತು. "ನಿನ್ನ ಗಾಡಿ ಕುಡದೈತೋ ತಮ್ಮಾ" ಎಂದಳು. ಅವನು ಮತ್ತೆ ಈ ಕಡೆ ಬರುವಾಗ ಬಸ್ಸಿಗೇ ಬಂದ.

ಇನ್ನೊಂದು ತಮಾಷೆ ಎಂದರೆ, ಅವಳ ಹೊಲದಲ್ಲಿ ಎರಡು ಎಕರೆ ಕಬ್ಬಿದೆ. ಮಾವ ಬಿಡುತ್ತಾರೆಯೇ?

"ನೀನ ಬೆಳದ ಕಬ್ಬು ಅದರಾಗ ಐತಿ. ನಿನ್ನ ಮಗಾನ್ನ ನೀನ ಹೊರಗ ಹಾಕ್ತಿ ಏನ?"

"ಹಡದ ಮಗಾ ಆದ್ರೂ ಕುಡದು ಬಂದ್ರ ನಾ ಬಾಗಿಲಾ ತಗಿಯಂಗಿಲ್ಲ. ಮನಶ್ಯಾ ಕುಡದ್ರ ಗಟಾರದಾಗ ಬೀಳ್ತಾನ. ವಿಮಾನ ಕುಡದ್ರ ಎಲ್ಲಿ ಬೀಳ್ತೈತಿ, ನೀವ ಹೇಳ್ರಿ!"

ಮಾವ ಕ್ಯಾನು ಎತ್ತಿಕೊಂಡು ಶೆಡ್ಡಿನ ಕಡೆ ನಡೆದರು.

ಇಷ್ಟೆಲ್ಲ ಮಾಡುವವಳು ವಿಮಾನ ಹಾರುವುದನ್ನು ಒಮ್ಮೆಯೂ ನೋಡಿಲ್ಲ ಎಂದರೆ ನಂಬುತ್ತೀರಾ? ಮಾವ ಮೇಲೇರಿದರೆ ಊರೆಲ್ಲ ಕತ್ತೆತ್ತಿ ನಿಂತಿರುತ್ತದೆ. ಇವಳು ಮಾತ್ರ ಬೆನ್ನು ತಿರುಗಿಸಿ, ಉಡಿಯಲ್ಲಿ ಶೇಂಗಾ ಹಾಕಿಕೊಂಡು ಕುಳಿತಿರುತ್ತಾಳೆ. ಈ ವಿಚಿತ್ರವನ್ನು ನಾನು ಹಾನಗಲ್ಲಿನ ತನಕ ಹೇಳಿಕೊಂಡು ನಕ್ಕಿದ್ದೇನೆ.

ಕಳೆದ ಬೇಸಿಗೆಯಲ್ಲಿ ಹಿರೇಕೆರೂರಿನ ಬೀಗರು ವಿಮಾನ ನೋಡಲು ಬಂದರು. ಮದ್ಯಸಾರವಿಲ್ಲದ ಪೆಟ್ರೋಲು ಸಿಗುವುದು ಹುಬ್ಬಳ್ಳಿಯ ಒಂದು ಬಂಕಿನಲ್ಲಿ. ತರುವ ಕೆಲಸ ನನ್ನದು. ಆ ದಿನ ನನಗೆ ಶಿಗ್ಗಾಂವದಲ್ಲಿ ಬೇರೆ ಕೆಲಸವಿತ್ತು. ಹುಬ್ಬಳ್ಳಿ ಒಂದು ದಿಕ್ಕು, ಶಿಗ್ಗಾಂವ ಇನ್ನೊಂದು. ಬಿಸಿಲೋ ನೆತ್ತಿ ಸುಡುವಂಥದ್ದು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡು ಶಿಗ್ಗಾಂವದಲ್ಲೇ ಕ್ಯಾನು ತುಂಬಿಸಿ ತಂದೆ. ಬೀಗರು ಬಂದ ಗಡಿಬಿಡಿಯಲ್ಲಿ ಅತ್ತೆಗೆ ಬಾಟಲಿ ನೆನಪಾಗಲಿಕ್ಕಿಲ್ಲ ಎಂಬ ಲೆಕ್ಕ ನನ್ನದು.

ನೆನಪಾಯಿತು. ನೀರು ಹಾಕಿದಳು, ಪೆಟ್ರೋಲು ಸುರಿದಳು, ಅಲುಗಾಡಿಸಿ ಇಟ್ಟಳು. ನೀರು ಕೆಂಪು ಗೆರೆಯನ್ನು ದಾಟಿ ಎರಡು ಬೆರಳು ಮೇಲೇರಿತು. ಅತ್ತೆ ಬಾಟಲಿಯನ್ನು ನೋಡಿದಳು, ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ನನ್ನ ಚಪ್ಪಲಿ ನೋಡಿದೆ. ಬಾಟಲಿಯನ್ನು ಸೆರಗಿನ ಮರೆಗೆ ಎಳೆದುಕೊಂಡು, "ಇವತ್ತು ಗಾಳಿ ಸರಿ ಇಲ್ರಿ. ಹಾರೂದು ಬ್ಯಾಡ" ಎಂದಳು.

ಬೇವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ! ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪೆಟ್ರೋಲ್ ಇಲಾಖೆ ಸಾಲ್ದಂತ ಗಾಳಿ ಇಲಾಖೆನೂ ತಗೊಂಡಿ ಏನ?" ಎಂದು ಮಾವ ಹಣೆ ಬಡಿದುಕೊಂಡರು. ಅತ್ತೆಯೂ ಅವರ ಜೊತೆ ನಕ್ಕು, ಶ್ಯಾವಿಗೆ ಪಾಯಸ ಬಡಿಸಲು ಎದ್ದಳು.

ಬೀಗರು ಹೋದ ಮೇಲೆ ಕ್ಯಾನಿನಲ್ಲಿದ್ದುದನ್ನು ನನ್ನ ಬೈಕಿಗೆ ಸುರಿಸಿದಳು. "ಇದು ನೆಲದ ಮ್ಯಾಲ ಓಡ್ಲಿ. ಇದರದೇನ ತಪ್ಪೈತಿ?"

"ನಂದ ತಪ್ಪಾತು ಅತ್ತಿ."

"ನಿಮ್ಮ ಮಾಮಾಗ ಹೇಳಬ್ಯಾಡ. ನೀ ತಂದ ಕ್ಯಾನ್ ಅಂದ್ರ ಅವ್ರು ಮೂಸೂ ನೋಡಂಗಿಲ್ಲ. ಅಷ್ಟು ನಂಬಿಗಿ ನಿನ್ನ ಮ್ಯಾಲ."

ಎರಡೇಟು ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ವಾರ ಹುಬ್ಬಳ್ಳಿಗೇ ಹೋಗಿ ತಂದೆ. ನೀರು, ಪೆಟ್ರೋಲು ಹಾಕಿ ಅಲುಗಾಡಿಸಿ, ಅತ್ತೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.

"ಇನ್ನ ನೀನ ನೋಡೋ. ಗೆರಿ ಮಂಜ ಮಂಜ ಕಾಣಾಕತ್ತೈತಿ. ಕಣ್ಣಾಗ ಪೊರಿ ಬಂದೈತಂತ."

"ನನ್ನ ನಂಬ್ತಿ ಏನ ಅತ್ತಿ?"

"ಒಮ್ಮೆ ತಪ್ಪಿದಾಂವ ಚಲೋತ್ನ್ಯಾಗ ನೋಡ್ತಾನ. ನೀರು ಎಲ್ಲೈತಿ ಹೇಳು."

ಮೂರು ಸಲ ನೋಡಿದೆ. "ಎಲ್ಲಿತ್ತೋ ಅಲ್ಲೇ ಐತಿ."

"ಹಂಗಾರ ಹೋಗ್ಲಿ ಬಿಡು."

ಮಾವ ಮೇಲೇರಿದರು. ಅತ್ತೆ ಎಂದಿನಂತೆ ಬೆನ್ನು ತಿರುಗಿಸಿ ಕುಳಿತಳು. ಅವತ್ತು ಮೊದಲ ಸಲ ನಾನು ವಿಮಾನ ಬಿಟ್ಟು ಅವಳನ್ನು ನೋಡಿದೆ. ಎಂಜಿನ್ನಿನ ಸದ್ದು ತೆಳ್ಳಗಾದಾಗಲೆಲ್ಲ ಅವಳ ಉಸಿರು ನಿಲ್ಲುತ್ತಿತ್ತು. ಸದ್ದು ಮತ್ತೆ ಗಟ್ಟಿಯಾದರೆ ಉಸಿರಾಡುತ್ತಿದ್ದಳು.

"ಮ್ಯಾಲ ಯಾಕ ನೋಡಂಗಿಲ್ಲ ಅತ್ತಿ?"

"ನೋಡಕೋತ ನಿಂತ್ರ ಸಪ್ಪಳ ತಪ್ಪತೈತಿ. ಸುಮ್ನ ಕುಂದ್ರು."

ಇಷ್ಟು ವರ್ಷ ಇದಕ್ಕೇ ನಕ್ಕಿದ್ದೆನಲ್ಲ ಎಂದು ನಾಚಿಕೆಯಾಯಿತು. ಪಕ್ಕದಲ್ಲಿ ನಾನೂ ಬೆನ್ನು ತಿರುಗಿಸಿ ಕುಳಿತೆ. ಅವಳು ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದಳು. ಚಕ್ರ ನೆಲಕ್ಕೆ ತಾಗಿದ ಸದ್ದು ಕೇಳುವ ತನಕ ಇಬ್ಬರೂ ಒಂದೇ ಒಂದು ಕಾಯಿ ಒಡೆಯಲಿಲ್ಲ.