ಬೂಟ್ ಮೆನುವಿನ ಹಿಂದೆ ಕಂಡುಬಂದಿರುವ ಮಗುವಿನ ಬಗ್ಗೆ

ಕಚೇರಿ ಗಣಕಯಂತ್ರಗಳ ಪರದೆ ನಿರ್ವಹಣಾ ಶಾಖೆ
ಎರಡನೇ ಮಹಡಿ, ಲಿಫ್ಟ್ ಕೆಟ್ಟಿರುವ ಬದಿ

ಸಂಖ್ಯೆ: ಪನಿಶಾ/ಬೂಮೆ/ಮಗು/1/ತಿದ್ದಿದ್ದು

ಸುತ್ತೋಲೆ

ವಿಷಯ: ಲಿನಕ್ಸ್ ಗಣಕಯಂತ್ರಗಳ ಬೂಟ್ ಮೆನುವಿಗೆ ಸಿಬ್ಬಂದಿಯು ತಮ್ಮಿಷ್ಟದ ಹಿನ್ನೆಲೆ ಚಿತ್ರ ಹಾಕಿಕೊಳ್ಳುತ್ತಿರುವುದನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ:
(ಅ) ಈ ಶಾಖೆಯ ಜ್ಞಾಪನ: ‘ಅಂತಿಮ ಆದೇಶದವರೆಗೆ ಸದರಿ ಚಿತ್ರ ಯಾರಿಗೂ ಕಾಣದಂತೆ ನೋಡಿಕೊಳ್ಳುವುದು.’
(ಆ) ಟಪಾಲು ವಿಭಾಗದ ಗುಮಾಸ್ತೆಯವರ ಹೇಳಿಕೆ.
(ಇ) ಅದನ್ನು ಓದಿದ ಮೇಲಧಿಕಾರಿಗಳು ಮಾರ್ಜಿನ್ನಿನಲ್ಲಿ ಬರೆದಿರುವ ‘ಹೂಂ’.

ಗಣಕಯಂತ್ರವನ್ನು ಚಾಲೂ ಮಾಡಿದೊಡನೆ, ಯಾವುದನ್ನು ತೆರೆಯಬೇಕೆಂದು ಕೇಳುವ ನಾಲ್ಕು ಸಾಲಿನ ಪಟ್ಟಿಯೊಂದು ಪರದೆಯ ಮೇಲೆ ಐದು ಸೆಕೆಂಡು ನಿಂತು ಮರೆಯಾಗುತ್ತದೆ. ಇದನ್ನೇ ಬೂಟ್ ಮೆನು ಎನ್ನಲಾಗಿದೆ. ಇದರ ಹಿನ್ನೆಲೆ ಹನ್ನೊಂದು ವರ್ಷಗಳಿಂದ ಕಪ್ಪಾಗಿತ್ತು. ಯಾರ ತಕರಾರೂ ಇರಲಿಲ್ಲ. ಹೀಗಿರುವಾಗ, ಹೆರಿಗೆ ರಜೆ ಮುಗಿಸಿ ಕರ್ತವ್ಯಕ್ಕೆ ಹಾಜರಾದ ಟಪಾಲು ಗುಮಾಸ್ತೆಯವರು ಸದರಿ ಕಪ್ಪಿನ ಜಾಗದಲ್ಲಿ, ಆಕಳಿಸುತ್ತಿರುವ ತಮ್ಮ ಐದು ತಿಂಗಳ ಮಗಳ ಚಿತ್ರವನ್ನು ಅಳವಡಿಸಿರುವುದು ಈ ಶಾಖೆಯ ಗಮನಕ್ಕೆ ಬಂದಿರುತ್ತದೆ.

ವಿವರಣೆ ಕೇಳಲಾಗಿ, ಅವರು ಈ ರೀತಿ ಹೇಳಿಕೆ ನೀಡಿರುತ್ತಾರೆ: “ಡೆಸ್ಕ್‌ಟಾಪಲ್ಲಿ ಫೋಟೋ ಹಾಕ್ಬಾರ್ದು ಅಂದ್ರಿ ಸರ್, ಹಾಕ್ಲಿಲ್ಲ. ಮೇಜಿನ ಮೇಲೂ ಇಡ್ಬಾರ್ದು ಅಂದ್ರಿ, ಇಡ್ಲಿಲ್ಲ. ಬೆಳಿಗ್ಗೆ ಅತ್ತೆ ಹತ್ರ ಬಿಟ್ಟು ಬರುವಾಗ ಮಗು ಇನ್ನೂ ನಿದ್ದೆಲಿರುತ್ತೆ. ಇಲ್ಲಿ ಐದು ಸೆಕೆಂಡು ಮುಖ ನೋಡ್ಕೊಂಡ್ರೆ ಸಂಜೆವರೆಗೂ ಸುಮ್ನೆ ಸೀಲು ಹೊಡ್ಕೊಂಡಿರ್ತೀನಿ. ಅದೂ ಬೇಡ ಅಂದ್ರೆ ತೆಗೀತೀನಿ ಬಿಡಿ.” ಕೊನೆಯ ವಾಕ್ಯದ ಧ್ವನಿ ಈ ಶಾಖೆಗೆ ಹಿಡಿಸಿರುವುದಿಲ್ಲ. ಅದನ್ನು ಕೇಳಿದ ದಿನ ಶಾಖೆಗೆ ಊಟವೂ ಸರಿಯಾಗಿ ಸೇರಿರುವುದಿಲ್ಲ.

ಆದಾಗ್ಯೂ ಶಿಸ್ತು ಶಿಸ್ತೇ ಆಗಿರುವುದರಿಂದ, ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:

1. ಬೂಟ್ ಮೆನುವಿನ ಹಿನ್ನೆಲೆಯು ಕಪ್ಪಾಗಿರತಕ್ಕದ್ದು.

2. ಉಲ್ಲೇಖ (ಅ) ಅನ್ನು ಪಾಲಿಸುವ ಸಲುವಾಗಿ ಹಿರಿಯ ಜವಾನರು ಟಪಾಲು ವಿಭಾಗದ ಪರದೆಗೆ ದೊಡ್ಡ ಕಂದು ಲಕೋಟೆಯೊಂದನ್ನು ಅಂಟಿಸಿದ್ದು, ಚಿತ್ರದ ಜೊತೆಗೆ ಮಿಕ್ಕಿದ್ದೆಲ್ಲವೂ ಕಾಣದಂತಾಗಿ, ಸದರಿ ವಿಭಾಗವು ಎರಡು ದಿನ ಅಂದಾಜಿನ ಮೇಲೆ ಕೆಲಸ ಮಾಡಿರುತ್ತದೆ. ಲಕೋಟೆಯನ್ನು ಕೂಡಲೇ ತೆಗೆಯತಕ್ಕದ್ದು. ಲಕೋಟೆ ಕಂಡಿತೆಂದು ಅದಕ್ಕೆ ಸೀಲು ಹೊಡೆದು, ಪರದೆಸಮೇತ ರವಾನೆ ವಹಿಯಲ್ಲಿ ದಾಖಲಿಸಿದವರು ಆ ನಮೂದನ್ನು ಹೊಡೆದುಹಾಕಿ ಸಹಿ ಮಾಡತಕ್ಕದ್ದು.

3. ಮೆನು ನಿಲ್ಲುವ ಐದು ಸೆಕೆಂಡಿನ ಅವಧಿಯನ್ನು ಯಾರೋ ತೊಂಬತ್ತು ಸೆಕೆಂಡಿಗೆ ಏರಿಸಿರುತ್ತಾರೆ. ಏರಿಸಿದವರು ಯಾರೆಂದು ಇಡೀ ಕಚೇರಿಗೆ ಗೊತ್ತಿದ್ದು, ಈ ಶಾಖೆಗೆ ಮಾತ್ರ ಯಾರೂ ಹೇಳುತ್ತಿಲ್ಲ. ಅವಧಿಯನ್ನು ಹತ್ತು ಸೆಕೆಂಡಿಗೆ ಮಿತಿಗೊಳಿಸಲಾಗಿದೆ. ಮೊದಲಿದ್ದ ಐದಕ್ಕೆ ಏಕೆ ಇಳಿಸಿಲ್ಲವೆಂದು ಪ್ರಶ್ನಿಸುವಂತಿಲ್ಲ.

4. ಮಗುವಿನ ಆಕಳಿಕೆ ನೋಡಿದ ಹದಿನಾಲ್ಕು ಮಂದಿಯೂ ಆಕಳಿಸಿರುವುದು ವರದಿಯಾಗಿದೆ. ಆಕಳಿಕೆಯನ್ನು ಮೆನು ಇರುವಾಗಲೇ ಮುಗಿಸತಕ್ಕದ್ದು. ಅರ್ಧ ಉಳಿದ ಆಕಳಿಕೆಯನ್ನು ಮಧ್ಯಾಹ್ನದ ಸಭೆಗೆ ತರುವಂತಿಲ್ಲ.

5. ‘ಇನ್ನೊಂದ್ಸಲ ನೋಡೋಣ’ ಎಂದು ಯಂತ್ರವನ್ನು ಪದೇ ಪದೇ ಆರಿಸಿ ಹೊತ್ತಿಸುವುದನ್ನು ನಿಷೇಧಿಸಿದೆ. ‘ಹ್ಯಾಂಗ್ ಆಯ್ತು’ ಎಂಬ ಕಾರಣವನ್ನು ಒಬ್ಬರಿಗೆ ವಾರಕ್ಕೆ ಎರಡು ಸಲದಂತೆ ಮಾತ್ರ ಒಪ್ಪಲಾಗುವುದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದನ್ನು ಈ ಶಾಖೆಯು ಬಲ್ಲದು. ಆದರೆ ಹೆರದ ಹದಿನಾಲ್ಕು ಮಂದಿ ಸಾಲುಗಟ್ಟಿ ನಿಂತಿರುವುದು ಸದರಿ ಗಾದೆಯ ವ್ಯಾಪ್ತಿಗೆ ಬರುವುದಿಲ್ಲ.

6. ಇದನ್ನು ನೋಡಿ ಸಿಬ್ಬಂದಿ ವಿಭಾಗದ ಗುಮಾಸ್ತರು ತಮ್ಮ ಮೆನುವಿಗೆ ಹಿಮದ ಬೆಟ್ಟದ ಚಿತ್ರ ಹಾಕಿಕೊಂಡಿರುತ್ತಾರೆ. ಬಿಳಿ ಹಿಮದ ಮೇಲೆ ಬಿಳಿ ಅಕ್ಷರ ಕಾಣದೆ, ಕೈಗೆ ಸಿಕ್ಕ ಸಾಲನ್ನು ಒತ್ತಿದ್ದರಿಂದ ಯಂತ್ರವು ತನ್ನ ಮೆಮೊರಿಯನ್ನು ತಾನೇ ಪರೀಕ್ಷಿಸಿಕೊಳ್ಳಲು ಶುರುಮಾಡಿದೆ. ಪರದೆಯಲ್ಲಿ ಅಂಕಿಗಳು ಏರುತ್ತಿದ್ದುದನ್ನು ಕಂಡ ಅವರು, ಇದೇ ತಮ್ಮ ಕೆಲಸವೆಂದು ಭಾವಿಸಿ ಮೂರು ದಿನ ಎದುರು ಕೂತು, ‘ಶೇಕಡ ಅರವತ್ತೆರಡು ಪೂರ್ಣ, ಉಳಿದದ್ದು ಪ್ರಗತಿಯಲ್ಲಿದೆ’ ಎಂದು ವರದಿ ಸಲ್ಲಿಸಿರುತ್ತಾರೆ. ಸದರಿ ವರದಿಯನ್ನು ಮೂರು ಹಂತಗಳಲ್ಲಿ ಮೆಚ್ಚಲಾಗಿದೆ. ಮೆಚ್ಚಿದವರ ಪೈಕಿ ಈ ಸಹಿದಾರರೂ ಒಬ್ಬರಾಗಿರುವುದರಿಂದ ವಿಷಯವನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ.

7. ಮೆನು ತಪ್ಪಿಹೋಗಬಾರದೆಂದು ಕೆಲವರು ಒಂಬತ್ತೂವರೆಗೇ ಕಚೇರಿಗೆ ಬರುತ್ತಿದ್ದಾರೆ. ಬೀಗದಕೈ ಇಟ್ಟುಕೊಂಡವರಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತು ಅವರನ್ನು ಪೇಚಿಗೆ ಸಿಲುಕಿಸುವುದು ಅಶಿಸ್ತು. ಇನ್ನು ಮುಂದೆ ಸಿಬ್ಬಂದಿಯು ಎಂದಿನಂತೆ ತಡವಾಗಿಯೇ ಬರತಕ್ಕದ್ದು.

8. ಕಂಡಿಕೆ 1ರಲ್ಲಿ ಹೇಳಿದ ಕಪ್ಪು ಎಂಥ ಕಪ್ಪು ಎಂಬುದನ್ನು ತೀರ್ಮಾನಿಸಲು ಮೂವರ ಸಮಿತಿ ರಚಿಸಲಾಗಿತ್ತು. ಮಾದರಿಗಳನ್ನು ನೋಡಿದ ಒಬ್ಬ ಸದಸ್ಯರು ಅವೆಲ್ಲ ಕಡುನೀಲಿ ಎಂದಿದ್ದಾರೆ. ಎರಡನೆಯವರು ಕನ್ನಡಕ ತರಲು ಮನೆಗೆ ಹೋದವರು ಬಂದಿಲ್ಲ. ಮೂರನೆಯವರು ಬಹುವಾಗಿ ಮೆಚ್ಚಿದ ಕಪ್ಪು, ಚಾಲೂ ಮಾಡದೇ ಇದ್ದ ಪರದೆಯದ್ದೆಂದು ನಂತರ ತಿಳಿದುಬಂದಿದೆ. ಸಮಿತಿಗೆ ಮೂರು ವರ್ಷಗಳ ಕಾಲಾವಕಾಶ ನೀಡಲಾಗಿದೆ. ಅಲ್ಲಿಯವರೆಗೆ ಈಗ ಇರುವ ಚಿತ್ರವೇ ಮುಂದುವರಿಯತಕ್ಕದ್ದು.

9. ಈ ಕಡತವು ಮೇಜಿನಿಂದ ಮೇಜಿಗೆ ಹೋಗಿ ಬರುವಷ್ಟರಲ್ಲಿ ಮಗುವಿಗೆ ಎಂಟು ತಿಂಗಳಾಗಿದ್ದು, ಕೆಳಗಡೆ ಎರಡು ಹಲ್ಲು ಬಂದಿರುವುದಾಗಿ ಖಚಿತ ಮಾಹಿತಿ ಲಭ್ಯವಾಗಿದೆ. ಪರದೆಯ ಮೇಲಿನ ಮಗುವಿಗೆ ಹಲ್ಲಿಲ್ಲ. ದಾಖಲೆಗೂ ವಾಸ್ತವಕ್ಕೂ ಈ ಪರಿಯ ವ್ಯತ್ಯಾಸವನ್ನು ಯಾವ ಕಚೇರಿಯೂ ಸಹಿಸಲಾಗದು. ಆದ್ದರಿಂದ ಗುಮಾಸ್ತೆಯವರು ಪ್ರತಿ ತಿಂಗಳ ಒಂದನೇ ತಾರೀಖು ಮಗುವಿನ ಹೊಸ ಚಿತ್ರವನ್ನು ತಪ್ಪದೆ ಅಳವಡಿಸತಕ್ಕದ್ದು. ಅಳವಡಿಸಿದ ನಂತರ ಮೆನುವನ್ನು ಹೊಸದಾಗಿಸುವ ‘ಗ್ರಬ್ ಅಪ್‌ಡೇಟ್’ ಎಂಬ ಆಜ್ಞೆ ಕೊಡುವುದನ್ನು ಮರೆತರೆ ಹಳೆಯ ಚಿತ್ರವೇ ಉಳಿಯುವುದರಿಂದ, ಆಜ್ಞೆ ಕೊಟ್ಟ ಬಗ್ಗೆ ಈ ಶಾಖೆಯ ಅಧೀಕ್ಷಕರು ಖುದ್ದಾಗಿ ಬಂದು ಪೂರ್ತಿ ಹತ್ತು ಸೆಕೆಂಡು ಪರಿಶೀಲಿಸುವರು. ತಪ್ಪಿದಲ್ಲಿ ಗುಮಾಸ್ತೆಯವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.

(ಸಹಿ)
ಅಧೀಕ್ಷಕರು
ಪರದೆ ನಿರ್ವಹಣಾ ಶಾಖೆ

ಪ್ರತಿಗಳು:
1. ಎಲ್ಲ ವಿಭಾಗಗಳ ಸೂಚನಾ ಫಲಕಕ್ಕೆ. ಗುಂಡುಪಿನ್ನನ್ನು ಆಯಾ ವಿಭಾಗವೇ ಹೊಂದಿಸಿಕೊಳ್ಳುವುದು.
2. ಸಿಬ್ಬಂದಿ ವಿಭಾಗದ ಗುಮಾಸ್ತರಿಗೆ. ಇನ್ನಾದರೂ ಎದ್ದು ಬರಲು ತಿಳಿಸಿದೆ.
3. ಸಮಿತಿಯ ಎರಡನೇ ಸದಸ್ಯರಿಗೆ, ಅವರ ಮನೆಯ ವಿಳಾಸಕ್ಕೆ.
4. ಕಚೇರಿ ಪ್ರತಿ.
5. ಟಪಾಲು ಗುಮಾಸ್ತೆಯವರ ಅತ್ತೆಯವರಿಗೆ: ಹೊಸ ಚಿತ್ರ ತೆಗೆಯಬೇಕಿರುವುದರಿಂದ, ಪ್ರತಿ ತಿಂಗಳ ಕೊನೆಯ ದಿನ ಸೊಸೆ ಮನೆ ಬಿಡುವ ಮೊದಲೇ ಮಗುವನ್ನು ಎಬ್ಬಿಸಿ ಅವರ ಕೈಗೆ ಕೊಡತಕ್ಕದ್ದು. ಅಂದು ಅವರು ಕಚೇರಿಗೆ ಎಷ್ಟು ಹೊತ್ತಿಗೆ ಬಂದರೂ ಹಾಜರಿ ಹಾಕಲಾಗುವುದು.