ಅತ್ತೆಯ ಸ್ಟಾಪ್‌ವಾಚು ಮತ್ತು ಹನ್ನೊಂದನೇ ಸಬ್ಜೆಕ್ಟು

ಕರ್‌ರ್‌ರ್... ಟಕ್. ಒಂಬತ್ತರ ತೂತಿಗೆ ಬೆರಳು ಹಾಕಿ ತಿರುಗಿಸಿ ಬಿಟ್ಟರೆ, ಟೆಲಿಫೋನಿನ ಡಯಲ್ಲು ಗೊಣಗಿಕೊಂಡೇ ತನ್ನ ಜಾಗಕ್ಕೆ ವಾಪಸಾಗುತ್ತಿದ್ದ ಸದ್ದು. ಎಪ್ಪತ್ತರ ದಶಕದ ಕೊನೆಯಲ್ಲಿ ಬಸವನಗುಡಿಯ ನಮ್ಮ ಬೀದಿಗೆಲ್ಲ ಇದ್ದದ್ದು ಮೂರೇ ಫೋನು. ಆ ಸದ್ದನ್ನು ಸ್ಟಾಪ್‌ವಾಚ್ ಹಿಡಿದು ಅಳೆಯಹೊರಟ ಹೆಂಗಸು ಮಾತ್ರ ಇಡೀ ಬೆಂಗಳೂರಿಗೆ ಒಬ್ಬರೇ. ಅವರು ನಮ್ಮ ಸೋದರತ್ತೆ!

ಬೇರೆ ಹೆಂಗಸರಿಗೆ ರೇಷ್ಮೆ ಸೀರೆ ಕಂಡರೆ ಆಸೆ, ನಮ್ಮತ್ತೆಗೆ ಅರವತ್ತು ದಾಟಿದವರನ್ನು ಕಂಡರೆ. ಕಾಲೇಜಿನಲ್ಲಿ ಸೈಕಾಲಜಿ ಪಾಠ ಹೇಳುತ್ತಿದ್ದರು. ಮದುವೆಯ ಮಾತೆತ್ತಿದವರಿಗೆ "ಥೀಸಿಸ್ ಮುಗೀಲಿ" ಎನ್ನುತ್ತಿದ್ದರು. ಥೀಸಿಸ್ ಯಾವುದರ ಮೇಲೆ? ವಯಸ್ಸಾದವರು ಹೊಸ ಯಂತ್ರಗಳನ್ನು ಹೇಗೆ ಬಳಸುತ್ತಾರೆ ಎಂಬುದರ ಮೇಲೆ! ಆಗಿನ ಕಾಲಕ್ಕೆ ಇದೂ ಒಂದು ವಿಷಯವೇ? ಅವರ ಗೈಡ್ ಮಹಾಶಯರಿಗೂ ಅದೇ ಅನುಮಾನ.

"ಅರವತ್ತಾದ್ಮೇಲೆ ಹೊಸದು ತಲೆಗೆ ಹತ್ತಲ್ಲಮ್ಮ. ಯುಗಾದಿಯೊಳಗೆ ಒಬ್ಬರನ್ನಾದ್ರೂ ತೋರಿಸು. ಇಲ್ದಿದ್ರೆ ಈ ಟಾಪಿಕ್ ಬಿಟ್ಟು ಮಕ್ಕಳ ಮೇಲೆ ಬರಿ."

ಅತ್ತೆ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ನಾಲ್ಕನೆಯ ಬೆಳಿಗ್ಗೆ, ಕಾನ್ವೆಂಟ್ ಮುಗಿಸಿ ಮನೆಯಲ್ಲೇ ಇದ್ದ ನನ್ನನ್ನು ಎಬ್ಬಿಸಿ ಕೈಗೆ ನೋಟ್‌ಬುಕ್ ಕೊಟ್ಟರು. ಕಾನ್ವೆಂಟಿನ ಸಿಸ್ಟರುಗಳು ಸ್ಕೇಲಿನಿಂದ ಬಾರಿಸಿ ಕಲಿಸಿದ ನನ್ನ ದುಂಡು ಅಕ್ಷರ ಆವತ್ತು ವಿಜ್ಞಾನದ ಸೇವೆಗೆ ಸೇರಿತು.

ಮೊದಲ ಹತ್ತು ಜನರ, ಅಂದರೆ ಅತ್ತೆಯ ಭಾಷೆಯಲ್ಲಿ ಹತ್ತು ಸಬ್ಜೆಕ್ಟುಗಳ, ಕಥೆ ಕೇಳಬೇಡಿ. ರಿಟೈರ್ಡ್ ಹೆಡ್‌ಮಾಸ್ತರರೊಬ್ಬರ ಮುಂದೆ ಟೇಪ್ ರೆಕಾರ್ಡರ್ ಇಟ್ಟು "ಬಟನ್ ಒತ್ತಿ ಸಾರ್" ಎಂದೆವು. ಅವರು ಮೊದಲು ಅದರ ಜೊತೆಗಿದ್ದ ಪುಸ್ತಿಕೆ ಓದಿದರು. ಆಮೇಲೆ ಕೆಂಪು ಶಾಯಿಯಲ್ಲಿ ಅದರ ಇಂಗ್ಲಿಷನ್ನು ತಿದ್ದಿ, ನೂರಕ್ಕೆ ಮೂವತ್ತೆಂಟು ಅಂಕ ಕೊಟ್ಟು ವಾಪಸು ಮಾಡಿದರು. ಬಟನ್ ಹಾಗೇ ಉಳಿಯಿತು.

ಹನ್ನೊಂದನೆಯವರು ಚಾಮರಾಜಪೇಟೆಯ ಎಪ್ಪತ್ತನಾಲ್ಕರ ಅಜ್ಜಿ. ಮಗ ಹೊಸದಾಗಿ ಹಾಲ್‌ನಲ್ಲಿ ಫೋನ್ ಹಾಕಿಸಿದ್ದ. ಅತ್ತೆಗೆ ಕ್ಲಾಸು ಇದ್ದದ್ದು ಮಧ್ಯಾಹ್ನ, ಹಾಗಾಗಿ ದಿನವೂ ಬೆಳಿಗ್ಗೆ ಹತ್ತಕ್ಕೆ ಹೋಗಿ ಕೂರುತ್ತಿದ್ದೆವು. ಅಜ್ಜಿ ಅಡುಗೆಮನೆಯ ಕತ್ತಲು ಬಾಗಿಲಲ್ಲಿ ನಿಂತೇ ಮಾತಾಡುತ್ತಿದ್ದರು.

"ಅಜ್ಜಿ, ಬನ್ನಿ, ಒಂದ್ಸಲ ಫೋನ್ ತಿರುಗಿಸಿ. ಭಯಾನಾ?"

"ಭಯ ಏನಿಲ್ಲಮ್ಮ. ಆಮೇಲೆ ಮುಟ್ತೀನಿ."

ಅತ್ತೆ ಪಿಸುಗುಟ್ಟುತ್ತಿದ್ದರು, "ಬರ್ಕೋ. ಮುಂದೂಡುವಿಕೆ, ಭಯದ ಲಕ್ಷಣ. ದೂರ ನಿಲ್ಲುವುದು, ಭಯದ ಲಕ್ಷಣ. ನಡುಗ್ತಿದಾರೆ ನೋಡು. ಮೈ ನಡುಕ, ತೀವ್ರ ಭಯ." ನಾನು ದುಂಡಗೆ ಬರೆದುಕೊಂಡೆ. ನಾಲ್ಕು ವಾರ ಬರೆದುಕೊಂಡೆ.

ಯುಗಾದಿಗೆ ಆರು ದಿನ ಉಳಿದಾಗ ಅತ್ತೆ ಸೋತು, "ಒಂದು ಜಡ ವಸ್ತುವಿಗೆ ಇಷ್ಟೊಂದು ಭಯ ಯಾಕಜ್ಜಿ?" ಎಂದರು.

"ಅಯ್ಯೋ ಹುಚ್ಚಿ, ನಾನು ಮಡೀಲಿದೀನಿ ಕಣೆ. ಊರವರೆಲ್ಲ ಎಂಜಲು ಬಾಯಿಟ್ಟು ಮಾತಾಡಿದ್ದನ್ನ ಹೆಂಗೆ ಮುಟ್ಟಲಿ? ಊಟ ಆದ್ಮೇಲೆ ಬಾ."

"ಮತ್ತೆ ನಡುಕ?"

"ಒದ್ದೆ ಸೀರೆ ಉಟ್ಕೊಂಡು ನೀನು ನಿಂತ್ಕೊ, ಗೊತ್ತಾಗತ್ತೆ."

"ಮೊದಲೇ ಹೇಳ್ಬಾರ್ದಿತ್ತಾ ಅಜ್ಜಿ?"

"ಭಯಾನಾ ಅಂತ ಕೇಳ್ದೆ, ಇಲ್ಲ ಅಂದೆ. ನೀವು ಇನ್ನೇನೋ ಬರ್ಕೊಂಡ್ರಿ."

ಅಡುಗೆಮನೆ ಕಡೆ ತಲೆಹಾಕದ ಸೈಕಾಲಜಿಸ್ಟು, ಮಡಿಯ ಹೆಸರಷ್ಟೇ ಕೇಳಿದ್ದ ಕಾನ್ವೆಂಟ್ ಹುಡುಗಿ. ಇಬ್ಬರ ಮುಖವೂ ನೋಡುವ ಹಾಗಿರಲಿಲ್ಲ!

ಅತ್ತೆ ಕ್ಲಾಸಿಗೆ ರಜೆ ಹಾಕಿದರು. ಮೂರು ಗಂಟೆಗೆ ಅಜ್ಜಿ ಒಣ ಸೀರೆಯಲ್ಲಿ ಹಾಲಿಗೆ ಬಂದು ಕುರ್ಚಿ ಎಳೆದುಕೊಂಡರು.

"ಯಾರಿಗೆ ಮಾಡ್ಲಿ?"

ಅತ್ತೆ ಗೈಡ್ ಆಡಿದ ಮಾತನ್ನೂ ಅವರ ಮನೆಯ ನಂಬರನ್ನೂ ಹೇಳಿದರು. ಅಜ್ಜಿ ಆರೂ ಅಂಕಿ ಒಂದೇ ಉಸಿರಿಗೆ ತಿರುಗಿಸಿದರು. ಅತ್ತೆ ಸ್ಟಾಪ್‌ವಾಚ್ ಒತ್ತುವುದನ್ನೇ ಮರೆತರು!

"ಹಲೋ, ಮುದುಕರ ತಲೆಗೆ ಹೊಸದು ಹತ್ತಲ್ಲ ಅಂದೋರು ನೀವೇನಾ? ... ನಾನಾ, ನಾನು ಮುದುಕಿ. ... ನಿಮಗೆಷ್ಟು ವಯಸ್ಸು? ... ಐವತ್ತೊಂಬತ್ತಾ? ಹಾಗಾದ್ರೆ ಏನಾದ್ರೂ ಕಲಿಯೋದಿದ್ರೆ ಈ ವರ್ಷವೇ ಕಲ್ತ್ಕೊಂಡ್ಬಿಡಿ."

ಥೀಸಿಸ್ ಉಳಿಯಿತು. ಇಷ್ಟು ಚುರುಕು ಎಲ್ಲಿಂದ ಬಂತು ಎಂದರೆ, ಸೊಸೆ ಮಲಗಿದಾಗ ಮಲ್ಲೇಶ್ವರದ ಅಕ್ಕನಿಗೆ ದಿನವೂ ಫೋನು ಮಾಡುತ್ತಿದ್ದರಂತೆ.

ಎರಡು ವರ್ಷದ ನಂತರ, ರಟ್ಟು ಕಟ್ಟಿಸಿದ ಪುಸ್ತಕ ಹಿಡಿದು ಅವರ ಮನೆಗೆ ಹೋದೆವು. ಅಜ್ಜಿ ಪುಟದ ಮೇಲೆ ಕೈಯಾಡಿಸಿದರು.

"ನನ್ನ ಹೆಸರು ಎಲ್ಲಿದೆ?"

"ಹೆಸರು ಹಾಕೋ ಹಾಗಿಲ್ಲಜ್ಜಿ, ರೂಲ್ಸು. ಹನ್ನೊಂದನೇ ಸಬ್ಜೆಕ್ಟ್ ಅಂತ ಹಾಕಿದೀನಿ."

"ಹೋಗ್ಲಿ ಬಿಡು. ಈ ಮನೇಲೂ ಯಾರೂ ಹೆಸರು ಹಿಡಿದು ಕರೆಯಲ್ಲ. ಅಮ್ಮ, ಅತ್ತೆ, ಅಜ್ಜಿ. ಕರೀತಿದ್ದೋಳು ಅಕ್ಕ ಒಬ್ಬಳೇ, ಅದೂ ಫೋನಲ್ಲಿ. ಹೋದ ಕಾರ್ತೀಕದಲ್ಲಿ ಅವಳೂ ಹೋದ್ಲು."

ಮುನ್ನೂರು ಪುಟ ಬರೆದ ನಮ್ಮತ್ತೆ ಪುಸ್ತಕ ಮುಚ್ಚಿದರು. "ನಿಮ್ಮ ಹೆಸರೇನು?" ಎಂದರು. ಅಷ್ಟು ದಿನದಲ್ಲಿ ಒಮ್ಮೆಯೂ ನಾವು ಅದನ್ನು ಕೇಳಿರಲಿಲ್ಲ.

ಅಜ್ಜಿ ಹೇಳಿದರು. ಕುಂಕುಮ ಕೊಡುವಂತೆ ಸೊಸೆಗೆ ಹೇಳಿ, ನಮ್ಮನ್ನು ಬಾಗಿಲತನಕ ಬಿಟ್ಟು, ಒಳಗೆ ಹೊರಟರು. ನಾವು ಗೇಟಿನ ಹತ್ತಿರ ಬಂದಾಗ ಅತ್ತೆ ತಿರುಗಿ ನಿಂತು ಕೂಗಿದರು.

"ಕಾವೇರಮ್ಮಾ, ಹೋಗಿ ಬರ್ತೀವಿ."

ಒಳಗೆ ಹೋಗುತ್ತಿದ್ದ ಅಜ್ಜಿ ಅಲ್ಲೇ ನಿಂತರು. ಅವರು ಗೋಡೆ ಹಿಡಿದುಕೊಂಡು, ನಿಧಾನವಾಗಿ, ನಮ್ಮ ಕಡೆ ತಿರುಗಿದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಆಗಲೇ.