ಸೋರುವ ನಲ್ಲಿಗಳ ದತ್ತು ಸ್ವೀಕಾರ

ನಗರದ ನೀರು ಸರಬರಾಜು ಕಚೇರಿಯ ಮೊದಲನೇ ಮಹಡಿಯಲ್ಲಿರುವ ಸುಸ್ಥಿರತೆ ಹಾಗೂ ಯುವ ನಾಯಕತ್ವ ವಿಭಾಗವು ಸ್ಥಾಪನೆಯಾಗಿ ನಾಲ್ಕು ವರ್ಷಗಳಾಗಿದ್ದು, ಈ ಅವಧಿಯಲ್ಲಿ ವಿಭಾಗಕ್ಕೆ ಒಬ್ಬನೇ ಒಬ್ಬ ಯುವ ನಾಯಕನೂ ದೊರೆತಿರಲಿಲ್ಲ. ಇದರಲ್ಲಿ ವಿಭಾಗದ ತಪ್ಪೇನೂ ಇರಲಿಲ್ಲ. ಅರ್ಜಿಗಳು ಬರುತ್ತಿದ್ದವು. ಯುವ ನಾಯಕರ ವಯಸ್ಸು ಇಪ್ಪತ್ತೈದು ಮೀರಿರಬಾರದು ಎಂಬ ನಿಯಮವಿತ್ತು. ಅರ್ಜಿಯ ಪರಿಶೀಲನೆ ಮುಗಿಯುವಷ್ಟರಲ್ಲಿ ಅರ್ಜಿದಾರರು ತಾವಾಗಿಯೇ ವಯಸ್ಸು ಮೀರಿಸಿಕೊಂಡು ಬಿಡುತ್ತಿದ್ದರು. ಇಂದಿನ ಯುವಜನರಲ್ಲಿ ತಾಳ್ಮೆ ಕಡಿಮೆಯಾಗಿದ್ದು ಅವರಿಗೆ ಬೇಗನೆ ವಯಸ್ಸಾಗುತ್ತಿದೆ ಎಂದು ವಿಭಾಗದ ಉಪನಿರ್ದೇಶಕರು ವಾರ್ಷಿಕ ವರದಿಯಲ್ಲಿ ವಿಷಾದ ವ್ಯಕ್ತಪಡಿಸಿದ್ದರು.

ಅದೇ ಕಾಲಕ್ಕೆ ಊರಿನ ಕೊನೆಯ ಗಲ್ಲಿಯಲ್ಲಿ ಇಪ್ಪತ್ಮೂರು ವರ್ಷದ ಹುಡುಗಿಯೊಬ್ಬಳು ಯಾರಿಗೂ ಅರ್ಜಿ ಹಾಕದೆ ನಲ್ಲಿ ರಿಪೇರಿ ಮಾಡಿಕೊಂಡಿದ್ದಳು. ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಅವಳ ಕೆಲಸ. ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಸದಾ ನಟ್ಟು ಬಿಚ್ಚುವ ಒಂದು ಪಾನಾ ಇರುತ್ತಿದ್ದುದರಿಂದ ಗಲ್ಲಿಯವರ ಬಾಯಲ್ಲಿ ಅವಳು ಪಾನಕ್ಕ. ಅಪ್ಪ ಮೂವತ್ತು ವರ್ಷ ಪೈಪು ಜೋಡಿಸುವ ಕೆಲಸ ಮಾಡಿ, ಮಂಡಿ ಸವೆದು ಮನೆಯಲ್ಲಿ ಕೂತಿದ್ದರು.

ನೀರಿನ ಟ್ಯಾಂಕಿನಿಂದ ಆ ಗಲ್ಲಿಯವರೆಗೆ ಬೀದಿಬದಿಯಲ್ಲಿ ನಲವತ್ತೊಂದು ನಲ್ಲಿಗಳಿದ್ದವು. ನಲವತ್ತೊಂದೂ ಸೋರುತ್ತಿದ್ದವು. ಹಾಗಾಗಿ ಕೊನೆಯ ಗಲ್ಲಿಗೆ ನೀರೇ ಬರುತ್ತಿರಲಿಲ್ಲ. ಎರಡು ಬೀದಿ ಆಚೆಯಿಂದ ಹೊತ್ತು ತರಬೇಕಿತ್ತು. "ನೀರಿಗೆ ನಮ್ಮ ಮೇಲೇನೂ ಸಿಟ್ಟಿಲ್ಲ ಕಣೇ, ದಾರೀಲೇ ಸುಸ್ತಾಗ್ತಿದೆ ಅಷ್ಟೆ" ಎಂದು ಅಪ್ಪ ಹೇಳಿದ್ದರು. ಆ ಮಾತು ಕೇಳಿದ ಮೇಲೆ ಪಾನಕ್ಕ ದಿನಕ್ಕೊಂದು ನಲ್ಲಿಯಂತೆ, ಅಂಗಡಿಗೆ ಹೋಗುವ ದಾರಿಯಲ್ಲಿ ಬಿಚ್ಚಿ, ಒಳಗಿನ ಸವೆದ ರಬ್ಬರ್ ಬಿಲ್ಲೆ ತೆಗೆದು, ಹೊಸ ವಾಷರ್ ಕೂರಿಸಿ, ಬಿಗಿ ಮಾಡಿ ಹೋಗುತ್ತಿದ್ದಳು. ಮೂವತ್ತೈದು ನಲ್ಲಿ ಮುಗಿದಾಗ ಗಲ್ಲಿಯ ನಲ್ಲಿ ಕೆಮ್ಮಿತು. ಆಮೇಲೆ ದಾರದಷ್ಟು ತೆಳ್ಳಗೆ ನೀರು ಬಂತು. ಅಪ್ಪ ಗೋಡೆ ಹಿಡಿದುಕೊಂಡು ಎದ್ದು ಬಂದು ಅದರ ಕೆಳಗೆ ಕೈಯೊಡ್ಡಿ ನಿಂತರು. ಇನ್ನು ಆರೇ ಆರು ನಲ್ಲಿ ಬಾಕಿ.

ಮೂವತ್ತಾರನೆಯದನ್ನು ಬಿಚ್ಚುತ್ತಿದ್ದಾಗ ಉಪನಿರ್ದೇಶಕರ ಜೀಪು ಆ ದಾರಿಯಲ್ಲಿ ಬಂತು. ಅವರು ಇಳಿದು, ಅವಳನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, "ವಯಸ್ಸೆಷ್ಟಮ್ಮ?" ಎಂದರು.

"ಇಪ್ಪತ್ಮೂರು ಸಾರ್."

"ತಕ್ಷಣ ಆ ಕೆಲಸ ನಿಲ್ಸು. ನೀನು ಯುವ ನಾಯಕಿ."

ಮರುದಿನ ಕಚೇರಿಯಲ್ಲಿ ಅವಳಿಗೆ ಕುರ್ಚಿ ಕೊಟ್ಟರು. ಎದುರಿಗೆ ಕಡತದ ಮೇಡಂ ಕೂತಿದ್ದರು. ವಿಭಾಗದ ಪ್ರತಿಯೊಂದು ಕಾಗದ ಯಾವ ಕಟ್ಟಿನಲ್ಲಿದೆ ಎಂದು ಬಲ್ಲವರು ಅವರೊಬ್ಬರೇ ಆದ್ದರಿಂದ ಆ ಹೆಸರು.

"ಅನುಯಾಯಿಗಳ ಸಂಖ್ಯೆ?" ಎಂದು ಮೇಡಂ ಫಾರಂ ನೋಡಿಕೊಂಡು ಕೇಳಿದರು.

"ಯಾರೂ ಇಲ್ಲ ಮೇಡಂ. ನಾನೊಬ್ಳೇ ಮಾಡ್ತೀನಿ."

"ಒಬ್ಳೇ ಮಾಡಿದ್ರೆ ಅದು ಕೆಲಸ ಆಗತ್ತೆ, ನಾಯಕತ್ವ ಆಗಲ್ಲ" ಎಂದು ಮೇಡಂ ನಯವಾಗಿಯೇ ತಿಳಿಸಿದರು. ನಿಯಮ ಏಳರ ಪ್ರಕಾರ ಯುವ ನಾಯಕರಿಗೆ ಕನಿಷ್ಠ ಹನ್ನೊಂದು ಮಂದಿ ಸ್ವಯಂಸೇವಕರಿರತಕ್ಕದ್ದು. ನಿಯಮ ಎಂಟರ ಪ್ರಕಾರ ಯುವ ನಾಯಕರು ಯಾವುದೇ ಸಲಕರಣೆಯನ್ನು ಸ್ವತಃ ಹಿಡಿಯತಕ್ಕದ್ದಲ್ಲ, ಕೈ ತೋರಿಸತಕ್ಕದ್ದು. ಪಾನಾವನ್ನು ಉಗ್ರಾಣದಲ್ಲಿ ಜಮಾ ಮಾಡಿಸಿಕೊಂಡು ರಸೀದಿ ಕೊಟ್ಟರು. ಪಾನಕ್ಕ ಉಪನಿರ್ದೇಶಕರ ಕಡೆ ತಿರುಗಿದಳು.

"ಸಾರ್, ಆರು ನಲ್ಲಿ ಉಳಿದಿದೆ. ಅದೊಂದು ಮುಗಿದ್ರೆ ನಮ್ಮ ಗಲ್ಲಿಗೆ ಸರಿಯಾಗಿ ನೀರು ಬರತ್ತೆ."

"ಆರೇ ಯಾಕೆ? ಊರಿಗೆ ಊರನ್ನೇ ಮಾಡೋಣ. ವಾಷರ್‌ಗೆ ದಾನಿಗಳನ್ನ ಹಿಡಿಯೋಣ. ಒಂದು ವಾರ ತಡಿ" ಎಂದರು ಉಪನಿರ್ದೇಶಕರು.

ಸರ್ಕಾರಿ ಮನುಷ್ಯ ಇಷ್ಟು ಹುರುಪಿನಿಂದ ಮಾತಾಡುವುದನ್ನು ಪಾನಕ್ಕ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನಂಬಿದಳು. ನಂಬದೇ ಇರುವುದಕ್ಕೆ ಆಗ ಕಾರಣವೇನೂ ಇರಲಿಲ್ಲ.

ದಾನಿಗಳನ್ನು ಪ್ರೋತ್ಸಾಹಿಸಲು ಕಚೇರಿಯ ಗೋಡೆಗೆ ಒಂದು ಪಟ್ಟಿ ಅಂಟಿಸಲಾಯಿತು. ಒಂದು ವಾಷರ್ ದಾನ ಮಾಡಿದವರಿಗೆ ಪ್ರಮಾಣಪತ್ರ. ಹತ್ತು ವಾಷರ್‌ಗೆ ಚೌಕಟ್ಟು ಹಾಕಿದ ಪ್ರಮಾಣಪತ್ರ. ಒಂದು ಡಬ್ಬಿಗೆ ಸಮಾರಂಭದ ಮುಂದಿನ ಸಾಲಿನಲ್ಲಿ ಕುರ್ಚಿ. ಎರಡು ಡಬ್ಬಿಗೆ ಅದೇ ಕುರ್ಚಿ, ಆದರೆ ಕೈಯಿಡುವ ಹಿಡಿಗಳ ಸಹಿತ.

ಮೊದಲು ಬಂದವರು ಟೈಲ್ಸ್ ಅಂಗಡಿಯ ಮಾಲೀಕರು. ಎರಡು ಡಬ್ಬಿ ಮೇಜಿನ ಮೇಲಿಟ್ಟು, "ಕುರ್ಚಿ ನನ್ನ ಅಂಗಡೀಲೂ ಇದೆ ಸಾರ್. ನಂಗೆ ಹೆಸರು ಬೇಕು. ಎಲ್ಲಿ ಹಾಕಿಸ್ತೀರಾ?" ಎಂದರು.

"ರಿಪೇರಿ ಆದ ನಲ್ಲಿ ಮೇಲೆ ಫಲಕ ಹಾಕಿಸೋಣ."

"ರಿಪೇರಿ ಆದ ನಲ್ಲೀನ ಯಾರು ತಿರುಗಿ ನೋಡ್ತಾರೆ ಸಾರ್? ಅದೇ ಸೋರೋ ನಲ್ಲಿ ಆದ್ರೆ ಜನ ನಿಂತು ನೋಡ್ತಾರೆ. ಬೈತಾರೆ. ಬೈತಾ ಬೈತಾ ಬೋರ್ಡು ಓದ್ತಾರೆ."

ಉಪನಿರ್ದೇಶಕರು ಪೆನ್ನು ಕೆಳಗಿಟ್ಟರು. ನಾಲ್ಕು ವರ್ಷಗಳಲ್ಲಿ ಆ ಕೋಣೆಯಲ್ಲಿ ಯಾರೂ ಇಷ್ಟು ತರ್ಕಬದ್ಧವಾಗಿ ಮಾತಾಡಿರಲಿಲ್ಲ. ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು:

"ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಗರದಲ್ಲಿ ಸೋರುತ್ತಿರುವ ನಲ್ಲಿಗಳನ್ನು ಉದಾರ ದಾನಿಗಳು ದತ್ತು ಸ್ವೀಕರಿಸಿರುತ್ತಾರೆ. ದತ್ತು ನಲ್ಲಿಯನ್ನು ದಾನಿಯ ಲಿಖಿತ ಒಪ್ಪಿಗೆಯಿಲ್ಲದೆ ಯಾರೂ ಬಿಗಿ ಮಾಡತಕ್ಕದ್ದಲ್ಲ. ಸೋರಿಕೆಯಿಂದ ತೊಂದರೆಯಾದವರು ಫಲಕವನ್ನು ಓದಿ ಸಹಕರಿಸಬೇಕಾಗಿ ಕೋರಲಾಗಿದೆ."

ಆರು ನಲ್ಲಿಗಳು ಒಂದೇ ದಿನದಲ್ಲಿ ದತ್ತು ಹೋದವು. ಉಳಿದ ದಾನಿಗಳು ಮೆಟ್ಟಿಲ ತನಕ ಸಾಲು ನಿಂತರು. ಅವರಲ್ಲಿ ಕಣ್ಣಿನ ಡಾಕ್ಟರೊಬ್ಬರು ತಮ್ಮ ಅತ್ತೆಯವರ ನೆನಪಿಗೆ ಜೋರಾಗಿ ಸೋರುವ ನಲ್ಲಿಯೇ ಆಗಬೇಕೆಂದು ಪಟ್ಟು ಹಿಡಿದಿದ್ದರು. ಆದರೆ ಎಲ್ಲರೂ ಬಯಸುವ ಆ ಮುಖ್ಯ ದಾರಿಯಲ್ಲಿ ಕೊಡಲು ನಲ್ಲಿಗಳಿರಲಿಲ್ಲ. ಮೂವತ್ತೈದನ್ನು ಪಾನಕ್ಕ ಹಾಳು ಮಾಡಿ ಇಟ್ಟಿದ್ದಳು.

ಅವಳನ್ನು ಕರೆಸಿ ಉಪನಿರ್ದೇಶಕರು ಕಾಗದವೊಂದನ್ನು ಮುಂದಿಟ್ಟರು. ಮೂವತ್ತೈದು ನಲ್ಲಿಗಳನ್ನು ಪೂರ್ವಸ್ಥಿತಿಗೆ ತರಲು ಯುವ ನಾಯಕಿಯು ಸ್ವಯಂಸೇವಕರಿಗೆ ಸೂಚಿಸಿರುತ್ತಾರೆ ಎಂದು ಅದರಲ್ಲಿತ್ತು.

"ಅಂದ್ರೆ ನಾನು ಹಾಕಿದ ವಾಷರ್ ಕಿತ್ತು ತೆಗೀತೀರಾ ಸಾರ್?"

"ಕೀಳೋದಲ್ಲಮ್ಮ. ದಾನಿಗಳಿಗೆ ಅವಕಾಶ ಮಾಡಿಕೊಡೋದು."

"ನಾನು ಸಹಿ ಹಾಕಲ್ಲ."

"ಬೇಡ ಬಿಡು. ಫಾರಂ ಮೇಲೆ ನಿನ್ನ ಫೋಟೋ ಇದೆಯಲ್ಲ, ಅದೇ ಸಾಕು."

ಹನ್ನೊಂದು ಸ್ವಯಂಸೇವಕರು ಪ್ರಮಾಣಪತ್ರದ ಆಸೆಗೆ ಬಂದಿದ್ದ ಒಳ್ಳೆಯ ಹುಡುಗ ಹುಡುಗಿಯರು. ಅವರು ಮೂರೇ ದಿನದಲ್ಲಿ ಮೂವತ್ತೈದು ನಲ್ಲಿಗಳನ್ನೂ ಸೋರುವಂತೆ ಮಾಡಿದರು. ಕಚೇರಿಯ ಇತಿಹಾಸದಲ್ಲಿ ನಿಗದಿತ ಅವಧಿಯೊಳಗೆ ಮುಗಿದ ಮೊದಲ ಕಾಮಗಾರಿ ಅದು.

ಸಮಾರಂಭ ಪುರಭವನದಲ್ಲಿ ನಡೆಯಿತು. ಮುಖ್ಯ ಅತಿಥಿಗಳು ಪಾನಕ್ಕನಿಗೆ ಮರದ ಪೀಠದ ಮೇಲೆ ಕೂರಿಸಿದ ಬಂಗಾರದ ಬಣ್ಣದ ನಲ್ಲಿಯೊಂದನ್ನು ಕೊಟ್ಟು, ಈ ಹುಡುಗಿ ನೀರಿಗಾಗಿ ಬೆವರು ಸುರಿಸಿದ್ದಾಳೆ ಎಂದರು. ಚಪ್ಪಾಳೆಯಾಯಿತು. ದಾನಿಗಳಿಗೆ ಪ್ರಶಸ್ತಿ ಹಂಚುವುದು ಎರಡು ಗಂಟೆ ಹಿಡಿಯಿತು. ದಾನ ಬಂದ ವಾಷರ್‌ಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ಬಳಸಿದರೆ ಸವೆಯುತ್ತವೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ.

ಅವಳು ಪ್ರಶಸ್ತಿ ಹಿಡಿದು ಮನೆಗೆ ಬಂದಾಗ ಗಲ್ಲಿಯ ನಲ್ಲಿ ಪೂರ್ತಿ ಒಣಗಿತ್ತು. ಅಪ್ಪ ಬಂಗಾರದ ನಲ್ಲಿಯನ್ನು ಕೈಗೆ ತೆಗೆದುಕೊಂಡು, ಹಳೆಯ ಅಭ್ಯಾಸದಂತೆ ಒಮ್ಮೆ ತಿರುಗಿಸಿ ನೋಡಿದರು. "ಕೂಡಿಸಿರೋದು ಚೆನ್ನಾಗಿದೆ" ಎಂದಷ್ಟೇ ಹೇಳಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಅವಳು ಖಾಲಿ ಕೊಡ ತೆಗೆದುಕೊಂಡು ಹೊರಟಾಗ, ಮಂಡಿ ನೋವಿನ ಮನುಷ್ಯ ತಾವೂ ಇನ್ನೊಂದು ಕೊಡ ಹಿಡಿದು ಹಿಂದೆ ಬಂದರು. ಎರಡು ಬೀದಿ ದಾಟುವಷ್ಟರಲ್ಲಿ ನಾಲ್ಕು ಸಲ ಕೂತರು. ಕೂತಾಗಲೆಲ್ಲ "ಸುಮ್ನೆ ಬೀದಿ ನೋಡೋಣ ಅಂತ ಕೂತೆ" ಎಂದರು. ತುಂಬಿಕೊಂಡು ಬರುವಾಗ ಐದನೇ ಸಲ ಕೂತಾಗ ಪಾನಕ್ಕ ಅವರ ಕೊಡವನ್ನೂ ತಾನೇ ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಜನ ತುಂಬಿದ ಪೇಟೆಬೀದಿಯಲ್ಲಿ, ಅವಳು ಅಪ್ಪನ ಹಳೆಯ ಪಾನಾ ತೆಗೆದುಕೊಂಡು ಹೋಗಿ, ಟೈಲ್ಸ್ ಮಾಲೀಕರ ಹೆಸರಿದ್ದ ನಲ್ಲಿಯನ್ನು ಬಿಚ್ಚಿ, ತನ್ನ ಜೇಬಿನಿಂದ ವಾಷರ್ ತೆಗೆದು ಹಾಕಿ, ಬಿಗಿ ಮಾಡಿದಳು. ಸೋರುವುದು ನಿಂತಿತು.

ಮಾಲೀಕರು ಅಂಗಡಿಯಿಂದ ಓಡಿ ಬಂದರು. "ಅಯ್ಯೋ, ನನ್ನ ಸೋರಿಕೆ!" ಎಂದರು. ಆ ಮನುಷ್ಯನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಮನೆಯವ್ರನ್ನೆಲ್ಲ ಕರ್ಕೊಂಡು ಬಂದು ತೋರಿಸಿದ್ದೆ ಕಣಮ್ಮ. ನನ್ನ ಮೊಮ್ಮಗಳು ದಿನಾ ಬಂದು ಮಾತಾಡಿಸ್ತಿದ್ಲು."

ಸೋರಿಕೆ ಕಳವು ಎಂಬ ತಲೆಬರಹದಡಿ ದೂರು ದಾಖಲಾಯಿತು. ವಿಚಾರಣೆ ಉಪನಿರ್ದೇಶಕರ ಕೋಣೆಯಲ್ಲೇ ನಡೆಯಿತು.

"ತಪ್ಪು ಒಪ್ಕೊಂಡ್ಬಿಡು. ಪ್ರಶಸ್ತಿ ವಾಪಸ್ ತಗೊಂಡು ಬಿಟ್ಟುಬಿಡ್ತೀನಿ" ಎಂದರು ಅವರು.

"ತಪ್ಪೇನಿದೆ ಸಾರ್? ಸೋರ್ತಿತ್ತು, ನಿಲ್ಸಿದೆ. ನಿಮ್ಮ ಬೀರೂಲಿರೋ ವಾಷರ್ ಮುಟ್ಟಿಲ್ಲ. ನನ್ನದೇ ಹಾಕಿದೀನಿ."

ಬರೆದುಕೊಳ್ಳುತ್ತಿದ್ದ ಕಡತದ ಮೇಡಂ ತಲೆಯೆತ್ತಿದರು. "ನಿನ್ನದೇ ವಾಷರಾ?"

"ಹೌದು ಮೇಡಂ."

"ವಾಪಸ್ ಕೇಳ್ತೀಯಾ?"

"ಇಲ್ಲ."

"ಸಾರ್" ಎಂದು ಮೇಡಂ ಗಂಭೀರವಾಗಿ ಎದ್ದು ನಿಂತರು, "ಇವಳು ದಾನಿ."

ಉಪನಿರ್ದೇಶಕರು ಅವಸರದಿಂದ ಕುರ್ಚಿ ಬಿಟ್ಟೆದ್ದರು. ಟೈಲ್ಸ್ ಮಾಲೀಕರೂ ಎದ್ದು, "ಗೊತ್ತಿಲ್ದೆ ಏನೋ ಅಂದ್ಬಿಟ್ಟೆ ಅಮ್ಮ, ಮನಸ್ಸಿಗೆ ಹಚ್ಕೋಬೇಡಿ" ಎಂದು ಬಹುವಚನಕ್ಕೆ ಬಂದರು. ಒಬ್ಬ ದಾನಿಯಿಂದ ಇನ್ನೊಬ್ಬ ದಾನಿಗೆ ನೋವಾದರೆ ಏನು ಮಾಡಬೇಕೆಂದು ನಿಯಮಾವಳಿಯಲ್ಲಿರಲಿಲ್ಲ. ಅದೇ ಮಧ್ಯಾಹ್ನ ಬರೆಯಲಾಯಿತು. ಅದರಂತೆ ಮಾಲೀಕರಿಗೆ ಅವರ ಸೋರಿಕೆಯನ್ನು ಹಿಂದಿರುಗಿಸಲಾಯಿತು. ಪಾನಕ್ಕನಿಗೆ ಅವಳ ದಾನಕ್ಕೆ ತಕ್ಕ ಪ್ರತಿಫಲವಾಗಿ, ಅವಳ ಮನೆ ಬಾಗಿಲಲ್ಲೇ, ಅವಳ ಹೆಸರಿನಲ್ಲಿ ಒಂದು ಸೋರುವ ನಲ್ಲಿಯನ್ನು ಮಂಜೂರು ಮಾಡಲಾಯಿತು.

"ನಮ್ಮ ಗಲ್ಲೀಲಿ ನೀರೇ ಇಲ್ವಲ್ಲ ಸಾರ್, ಏನು ಸೋರತ್ತೆ?"

"ನೀರಿಲ್ದೆ ಸೋರಿಸಿದ್ರೆ ದಾನಿಗೆ ಅವಮಾನ ಆಗಲ್ವಾ? ನಮಗೂ ಜವಾಬ್ದಾರಿ ಇದೆ" ಎಂದು ಉಪನಿರ್ದೇಶಕರು ಸ್ವಲ್ಪ ನೊಂದುಕೊಂಡೇ ಉತ್ತರಿಸಿದರು.

ಟ್ಯಾಂಕಿನಿಂದ ಕೊನೆಯ ಗಲ್ಲಿಗೆ ಪ್ರತ್ಯೇಕ ಪೈಪು ಬಂತು. ಇಪ್ಪತ್ತು ವರ್ಷ ಅರ್ಜಿ ಕೊಟ್ಟರೂ ಬಾರದ ಪೈಪು ಹತ್ತು ದಿನದಲ್ಲಿ ಬಂತು. ನಲ್ಲಿಯನ್ನು ಹಾಕಿ, ಒಳಗಿನ ವಾಷರ್ ತೆಗೆದು, ಫಲಕ ಜಡಿದು ಹೋದರು. ಅದು ಹಗಲೂ ರಾತ್ರಿ ಸೋರತೊಡಗಿತು. ಪೂರ್ತಿ ತಿರುಗಿಸುವಂತಿಲ್ಲ, ಪೂರ್ತಿ ನಿಲ್ಲಿಸುವಂತೆಯೂ ಇಲ್ಲ, ಸೋರಬೇಕಷ್ಟೆ. ಅಪ್ಪ ಒಂದು ಸ್ಟೂಲು ಹಾಕಿಕೊಂಡು ಪಕ್ಕದಲ್ಲಿ ಕೂತು, ಯಾರ ಕೊಡ ತುಂಬಿತು, ಮುಂದೆ ಯಾರದು ಎಂದು ನೋಡಿಕೊಳ್ಳುವ ಕೆಲಸ ಹಿಡಿದರು. ಒಂದು ಕೊಡಕ್ಕೆ ಇಪ್ಪತ್ತೈದು ನಿಮಿಷ. "ಇಷ್ಟಾದ್ರೂ ಬಂತಲ್ಲ" ಎಂದು ಗಲ್ಲಿಯವರು ಪಾನಕ್ಕನನ್ನು ಹರಸಿದರು. ಪಕ್ಕದ ಮನೆಯ ದೊಡ್ಡಮ್ಮ ಮೂರನೇ ದಿನ ಕೇಳಿದರು: "ಒಂದು ವಾಷರ್ ಕೊಟ್ರೆ ನಂಗೂ ಹಾಕ್ತಾರೇನೇ?"

ಹಾಕಿದರು. ಆರು ತಿಂಗಳಲ್ಲಿ ಊರಿನಲ್ಲಿ ದಾನಿಯಲ್ಲದವರು ಯಾರೂ ಉಳಿಯಲಿಲ್ಲ. ಮನೆಮನೆಯ ಮುಂದೆ ಹೆಸರು, ಹೆಸರಿನ ಕೆಳಗೆ ಸೋರಿಕೆ. ಟ್ಯಾಂಕು ತುಂಬುವುದೇ ನಿಂತುಹೋದ್ದರಿಂದ ಸೋರಿಕೆಯನ್ನು ವಾರಕ್ಕೆ ಎರಡು ದಿನಕ್ಕೆ ಸೀಮಿತಗೊಳಿಸಿ ವೇಳಾಪಟ್ಟಿ ಹೊರಡಿಸಲಾಯಿತು. ಜನ ಅದನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರು. ಸಮುದಾಯವೇ ಮುಂದೆ ಬಂದು ಸುಸ್ಥಿರತೆಯನ್ನು ಸಾಧಿಸಿದ ಮಾದರಿ ಊರು ಎಂದು ನೋಡಲು ಬೇರೆ ಊರುಗಳಿಂದ ಅಧಿಕಾರಿಗಳು ಬಸ್ಸಿನಲ್ಲಿ ಬಂದರು. ಪಾನಕ್ಕ ಹಾರ್ಡ್‌ವೇರ್ ಅಂಗಡಿ ಬಿಟ್ಟು ವಿಭಾಗದಲ್ಲೇ ದಾನಿ ಸಂಪರ್ಕಾಧಿಕಾರಿಯಾಗಿ ಸೇರಿದಳು. ಮೊದಮೊದಲು ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಆಮೇಲೆ ಬಂತು.

ಒಂದು ದಿನ ಗಲ್ಲಿಗೆ ಬಾಡಿಗೆಗೆ ಬಂದ ಹೊಸ ಮೇಷ್ಟ್ರೊಬ್ಬರು ಅವಳನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಬಂದರು.

"ನೀವು ನಲ್ಲಿ ರಿಪೇರಿ ಮಾಡ್ತೀರಂತಲ್ಲಮ್ಮ? ನಮ್ಮ ಅಡುಗೆಮನೆ ನಲ್ಲಿ ಸೋರ್ತಾ ಇದೆ. ಸ್ವಲ್ಪ ನಿಲ್ಸಿ ಕೊಡ್ತೀರಾ?"

ಕಟ್ಟೆಯ ಮೇಲೆ ಕೂತು ಕಚೇರಿಯ ಕಡತ ನೋಡುತ್ತಿದ್ದ ಪಾನಕ್ಕ ಅದನ್ನು ಮುಚ್ಚಿದಳು. "ಯಾರ ಹೆಸರಲ್ಲಿದೆ ಮೇಷ್ಟ್ರೇ?"

"ಏನು?"

"ಸೋರಿಕೆ. ಯಾರ ಹೆಸರಲ್ಲಿದೆ?"

"ಯಾರ ಹೆಸರಲ್ಲೂ ಇಲ್ಲಮ್ಮ. ಸುಮ್ನೆ ತಾನಾಗೇ ಸೋರ್ತಿದೆ."

ಸ್ಟೂಲಿನ ಮೇಲೆ ಕೂತಿದ್ದ ಅಪ್ಪ ತಿರುಗಿ ನೋಡಿದರು. ತಮ್ಮ ತಮ್ಮ ನಲ್ಲಿಗೆ ಕೊಡ ಹಿಡಿದಿದ್ದ ಹೆಂಗಸರು ಕತ್ತು ಚಾಚಿದರು. ಪಕ್ಕದ ಮನೆಯ ದೊಡ್ಡಮ್ಮ ಕೆನ್ನೆಗೆ ಕೈ ಹಚ್ಚಿ, "ಓದಿದವರು ನೋಡು!" ಎಂದರು.

ಪಾನಕ್ಕ ಮಾತ್ರ ಗದರಲಿಲ್ಲ. ಹೊಸಬರು, ಪಾಪ, ಗೊತ್ತಿರುವುದಿಲ್ಲ. ಬ್ಯಾಗಿನಿಂದ ಅರ್ಜಿ ನಮೂನೆಯೊಂದನ್ನು ತೆಗೆದು, ಸಹಿ ಹಾಕಬೇಕಾದ ಜಾಗಕ್ಕೆ ಬೆರಳಿಟ್ಟು ತೋರಿಸಿ, ದನಿ ತಗ್ಗಿಸಿ ಹೇಳಿದಳು: "ಇಷ್ಟು ದಿನ ಹೆಸರಿಲ್ಲದೆ ಸೋರಿಸಿದೀರಿ ಅಂತ ನಾನು ಯಾರಿಗೂ ಹೇಳಲ್ಲ."

ಮೇಷ್ಟ್ರು ತಲೆ ತಗ್ಗಿಸಿ ಸಹಿ ಹಾಕಿದರು.